ವಿಡಿಯೊ ನಿಲ್ಲಿಸಿದ ಮೇಲೆ

2012ರ ಮಾರ್ಚ್‌ನಲ್ಲಿ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿ ವಿದ್ಯುನ್ಮಂಡಲಗಳ ಕುರಿತ ತನ್ನ ಎಂಜಿನಿಯರಿಂಗ್ ಕೋರ್ಸೊಂದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಆರಂಭಿಸಿತು. ಹೆಸರು ನೋಂದಾಯಿಸಿದವರು ಸುಮಾರು 1,55,000 ಮಂದಿ. ಪ್ರಮಾಣಪತ್ರ ಪಡೆದವರು ಏಳು ಸಾವಿರಕ್ಕಿಂತ ತುಸು ಹೆಚ್ಚು. ಪೂರ್ಣ ಅಂಕ ಗಳಿಸಿದ ಕೆಲವೇ ನೂರು ಜನರಲ್ಲಿ ಮಂಗೋಲಿಯಾದ 15 ವರ್ಷದ ಹುಡುಗನೊಬ್ಬನಿದ್ದ.

ಆ ಹುಡುಗನ ಸಾಧನೆ ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ಆದರೂ ನನ್ನನ್ನು ಹೆಚ್ಚು ಕಾಡುವವರು ನಡುವೆಯೇ ಬಿಟ್ಟುಹೋದವರು. ಅವರಲ್ಲಿ ಎಷ್ಟೋ ಮಂದಿ ಇಣುಕಿ ನೋಡಲು ಬಂದವರು. ಇನ್ನು ಕೆಲವರಿಗೆ ಬೇಕಿದ್ದದ್ದು ಒಂದೇ ಅಧ್ಯಾಯ. ಗ್ರಂಥಾಲಯದಲ್ಲಿ ಪುಸ್ತಕ ತಿರುವಿ ಇಟ್ಟವರನ್ನು ನಾವು ಅನುತ್ತೀರ್ಣರೆಂದು ಎಣಿಸುವುದಿಲ್ಲವಲ್ಲ! ಆದರೆ ಕಲಿಯಲೇಬೇಕೆಂದು ಬಂದು ಕೈಚೆಲ್ಲಿದವರೂ ಇದ್ದಾರೆ.

ದಿನದ ಕೆಲಸ ಮುಗಿಸಿ ರಾತ್ರಿ ಒಬ್ಬಾಕೆ ಕಿರ್ಚಾಫ್ ನಿಯಮದ ವಿಡಿಯೊ ನೋಡುತ್ತಾಳೆ ಎಂದುಕೊಳ್ಳಿ. ತಂತಿಗಳು ಕೂಡುವ ಬಿಂದುವಿಗೆ ಎಷ್ಟು ವಿದ್ಯುತ್ ಪ್ರವಾಹ ಬರುತ್ತದೆಯೋ ಅಷ್ಟೇ ಹೊರಹೋಗುತ್ತದೆ ಎಂದು ಅಧ್ಯಾಪಕರು ಚಿತ್ರ ಬರೆದು ವಿವರಿಸುತ್ತಾರೆ. ಎಲ್ಲವೂ ಸಲೀಸು. ಆಕೆ ತಲೆದೂಗುತ್ತಾಳೆ. ವಿಡಿಯೊ ನಿಲ್ಲಿಸಿ ಖಾಲಿ ಹಾಳೆಯ ಮೇಲೆ ಅದೇ ಲೆಕ್ಕ ಬಿಡಿಸಲು ಹೊರಟರೆ ಎರಡನೆಯ ಸಾಲಿಗೇ ಪೆನ್ನು ನಿಂತುಬಿಡುತ್ತದೆ.

ತಪ್ಪು ಆಕೆಯದಲ್ಲ. ಇನ್ನೊಬ್ಬರು ಹೇಳಿದ್ದು ಅರ್ಥವಾಗುವುದೇ ಬೇರೆ, ಅದನ್ನು ನೆನಪಿನಿಂದ ಹೊರತೆಗೆಯುವುದೇ ಬೇರೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದು ಬರಹವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ ಮೇಲೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಬರೀ ಓದಿದವರದೇ ಮೇಲುಗೈ. ವಾರ ಕಳೆದಾಗ ಮಾತ್ರ ನೆನಪಿಸಿಕೊಂಡು ಬರೆದವರಲ್ಲೇ ಹೆಚ್ಚು ಉಳಿದಿತ್ತು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಮತ್ತೆ ಮತ್ತೆ ಓದಿದವರಿಗೆ!

ತರಗತಿಯಲ್ಲಾದರೆ ‘ನೀನು ಹೇಳು’ ಎಂದು ಎಬ್ಬಿಸಿ ನಿಲ್ಲಿಸುವವರಿರುತ್ತಾರೆ. ವಿಡಿಯೊ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಆ ಎಬ್ಬಿಸುವ ಕೆಲಸವನ್ನು ಯಾರಾದರೂ ಪಾಠದೊಳಗೇ ಹೆಣೆಯಬೇಕು.

‘ಉಚಿತ’ ಮತ್ತು ‘ಮುಕ್ತ’ ಎಂಬ ಪದಗಳ ಅಂತರ ನನಗೆ ಮುಖ್ಯವೆನಿಸುವುದು ಇಲ್ಲಿಯೇ. ಎಷ್ಟೋ ಕೋರ್ಸುಗಳನ್ನು ಹಣ ಕೊಡದೆ ನೋಡಬಹುದು, ಮುಟ್ಟಿ ತಿದ್ದುವಂತಿಲ್ಲ. ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡಲು ಎಂಐಟಿ 2001ರಲ್ಲಿ ಘೋಷಿಸಿದ ‘ಓಪನ್‌ಕೋರ್ಸ್‌ವೇರ್’ ಯೋಜನೆ ಹಾಗಲ್ಲ. ಅದರ ಪಾಠಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿದೆ: ಮೂಲವನ್ನು ಹೆಸರಿಸಿ, ವ್ಯಾಪಾರಕ್ಕೆ ಬಳಸದೆ, ಅದೇ ಷರತ್ತಿನಲ್ಲಿ ಹಂಚುವುದಾದರೆ ಯಾರು ಬೇಕಾದರೂ ಅನುವಾದಿಸಬಹುದು, ಬದಲಿಸಬಹುದು. ಇಂಗ್ಲಿಷ್ ಮನೆಮಾತಲ್ಲದವರು ವಿಷಯದ ಜೊತೆಗೆ ಭಾಷೆಯ ಭಾರವನ್ನೂ ಹೊರುತ್ತಾರೆ. ಆ ಭಾರವನ್ನು ಇಳಿಸಲು ಅಧ್ಯಾಪಕರೊಬ್ಬರು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಪಾಠವನ್ನು ಮಕ್ಕಳ ಮಾತಿಗೆ ತಂದು, ಪೆನ್ನು ನಿಲ್ಲುವ ಆ ಎರಡನೆಯ ಸಾಲಿನಲ್ಲಿ ‘ಈಗ ನೀವೇ ಬಿಡಿಸಿ’ ಎಂದು ಸೇರಿಸಿಕೊಳ್ಳಬಹುದು.