ಗುಂಯ್ ಅಂದ ಕಿವಿ ಮಾರನೇ ದಿನ ಸರಿ ಹೋದರೆ ಸಾಕಾ?

ಪ್ರಶ್ನೆ: ಗಣೇಶನ ವಿಸರ್ಜನೆ ಮೆರವಣಿಗೆಯಲ್ಲಿ ಗೆಳೆಯರೆಲ್ಲ ಡಿಜೆ ಪಕ್ಕದಲ್ಲೇ ತುಂಬಾ ಹೊತ್ತು ಕುಣಿದೆವು. ಮನೆಗೆ ಬಂದಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಹತ್ತಿ ತುರುಕಿದ ಹಾಗೆ ಮಂದವಾಗಿತ್ತು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿ ಹೋಯ್ತು. ಹಾಗಾದ್ರೆ ಕಿವಿಗೆ ಏನೂ ಆಗಿಲ್ಲ ಅಲ್ವಾ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಕೇಳಿಸುವುದು ಮೊದಲಿನಂತಾಯಿತು ಅನ್ನುವುದು ಒಳ್ಳೆಯದೇ. ಆದರೆ ಒಳಗೆ ಏನೂ ಆಗಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಕಿವಿಯ ಒಳಭಾಗದಲ್ಲಿ ಬಸವನ ಹುಳುವಿನ ಚಿಪ್ಪಿನ ಆಕಾರದ ಒಂದು ಪುಟ್ಟ ಅಂಗ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಹೊರಗಿನ ಸದ್ದನ್ನು ನರಕ್ಕೆ ದಾಟಿಸುವ ಕೆಲಸ ಇವುಗಳದ್ದು. ಜೋರು ಸದ್ದು ಗಂಟೆಗಟ್ಟಲೆ ಬಿದ್ದಾಗ ಇವು ದಣಿಯುತ್ತವೆ. ಆಗಲೇ ಕಿವಿ ಮಂದವಾಗುವುದು, ಗುಂಯ್ ಅನ್ನುವುದು. ಒಂದೆರಡು ದಿನ ಸುಮ್ನೆ ಬಿಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಆದರೆ ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅದನ್ನು ಮರಳಿ ಬೆಳೆಸುವ ಔಷಧ ಇವತ್ತಿಗೂ ಇಲ್ಲ.

2009ರಲ್ಲಿ ಅಮೆರಿಕದ ಬಾಸ್ಟನ್‌ನ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ಇಲಿಗಳಿಗೆ 100 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಸದ್ದನ್ನು ಎರಡು ಗಂಟೆ ಕೇಳಿಸಿದರು. ಕೆಲವು ದಿನಗಳಲ್ಲಿ ಶ್ರವಣ ಪರೀಕ್ಷೆಯ ಫಲಿತಾಂಶ ಮೊದಲಿನ ಮಟ್ಟಕ್ಕೆ ಬಂತು. ಆದರೆ ಕಿವಿಯ ಒಳಗನ್ನು ಪರೀಕ್ಷಿಸಿದಾಗ, ಎತ್ತರದ, ಅಂದರೆ ಕೀರಲು, ಸ್ವರಗಳನ್ನು ಹಿಡಿಯುವ ಜಾಗದಲ್ಲಿ ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಅರ್ಧದಷ್ಟು ಕಡಿದುಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ಆಗುತ್ತದೆ ಅನ್ನುವ ಸಂಶೋಧನೆ ಇನ್ನೂ ನಡೆಯುತ್ತಿದೆ. ನನ್ನ ಮಟ್ಟಿಗೆ, ಆ ಗುಂಯ್ ಅನ್ನುವ ಸದ್ದನ್ನು ಹಗುರವಾಗಿ ತೆಗೆದುಕೊಳ್ಳದಿರಲು ಇಷ್ಟು ಸಾಕು.

ಹಾನಿ ಮೊದಲು ಶುರುವಾಗುವುದು ಎತ್ತರದ ಸ್ವರಗಳಲ್ಲಿ. ಸ, ಶ, ಚ ಇಂಥ ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲೇ. ಹಾಗಾಗಿ ಆರಂಭದಲ್ಲಿ ಯಾರೂ 'ನನಗೆ ಕೇಳಿಸುತ್ತಿಲ್ಲ' ಅನ್ನುವುದಿಲ್ಲ. 'ಕೇಳಿಸುತ್ತೆ, ಆದರೆ ಏನು ಹೇಳ್ತಿದ್ದಾರೆ ಅಂತ ಗೊತ್ತಾಗಲ್ಲ' ಅನ್ನುತ್ತಾರೆ. ಮದುವೆ ಮನೆಯ ಗದ್ದಲದಲ್ಲಿ ಪಕ್ಕದವರ ಮಾತು ತಪ್ಪುತ್ತದೆ. ಮನೆಯಲ್ಲಿ ಟಿವಿ ಸದ್ದು ಮೆಲ್ಲಗೆ ಏರುತ್ತಾ ಹೋಗುತ್ತದೆ. ಅದನ್ನು ಮೊದಲು ಗಮನಿಸುವವರು ಮನೆಯವರೇ.

ಹಾಗಾದರೆ ಎಷ್ಟು ಸದ್ದು, ಎಷ್ಟು ಹೊತ್ತು? ಕೆಲಸದ ಜಾಗಗಳಿಗೆ ಅಮೆರಿಕದ ತಜ್ಞ ಸಂಸ್ಥೆಯೊಂದು ಹಾಕಿಕೊಟ್ಟ ಲೆಕ್ಕ ನೆನಪಿಡಲು ಸುಲಭ. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ. ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100ಕ್ಕೆ ಬಂದರೆ ಬರೀ 15 ನಿಮಿಷ. ಡಿಜೆ ಪೆಟ್ಟಿಗೆಗಳ ಮುಂದೆ 100 ದಾಟುವುದು ಸಾಮಾನ್ಯ. ಅಂದರೆ ಮೆರವಣಿಗೆ ನಮ್ಮ ಬೀದಿ ದಾಟುವ ಮೊದಲೇ ಆ ದಿನದ ಮಿತಿ ಮುಗಿದಿರುತ್ತದೆ. ಅಳೆಯುವ ಯಂತ್ರ ಇಲ್ಲದಿದ್ದರೂ ತೊಂದರೆ ಇಲ್ಲ. ಒಂದು ಮಾರು ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕು ಅಂತಾದರೆ ಸದ್ದು ಮಿತಿ ಮೀರಿದೆ ಅಂತಲೇ ತಿಳಿಯಿರಿ.

ಇದಕ್ಕಾಗಿ ಹಬ್ಬ ಬಿಡಬೇಕಿಲ್ಲ. ಪೆಟ್ಟಿಗೆಗಳಿಂದ ದೂರ ಇರಿ, ಅಷ್ಟೇ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೇಲಿನ ಲೆಕ್ಕ ಹಾಕಿ ನೋಡಿ, ನಿಮಗೆ ಸಿಗುವ ಹೊತ್ತು ನಾಲ್ಕು ಪಟ್ಟು. ಎರಡೂ ಕಡೆ ಮನೆಗಳಿರುವ ಇಕ್ಕಟ್ಟಾದ ಬೀದಿಯಲ್ಲಿ ಗೋಡೆಗಳು ಸದ್ದನ್ನು ತಿರುಗಿಸಿ ಬಿಡುತ್ತವೆ, ಅಲ್ಲಿ ಇಷ್ಟು ಲಾಭ ಇಲ್ಲ. ನಡುನಡುವೆ ಪಕ್ಕದ ಬೀದಿಗೆ ಹೋಗಿ ಹತ್ತು ನಿಮಿಷ ಕಿವಿಗೆ ಬಿಡುವು ಕೊಡಿ.

ಕಿವಿಗೆ ಹತ್ತಿ ಇಟ್ಟುಕೊಂಡರೆ ಹೆಚ್ಚು ಪ್ರಯೋಜನ ಇಲ್ಲ. ಫೋಮ್ ಇಯರ್‌ಪ್ಲಗ್ ತೆಗೆದುಕೊಳ್ಳಿ, ಬೆಲೆಯೂ ಕಡಿಮೆ. ಶುಚಿಯಾದ ಬೆರಳುಗಳಲ್ಲಿ ಅದನ್ನು ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಅದು ಉಬ್ಬುವ ತನಕ ಬೆರಳಿನಿಂದ ಹಿಡಿದುಕೊಳ್ಳಿ. ನಿಮ್ಮ ದನಿ ನಿಮಗೇ ತಲೆಯೊಳಗೆ ಗುಮ್ ಅಂತ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಇದು ಎಲ್ಲರಿಗಿಂತ ಜಾಸ್ತಿ ಬೇಕಿರುವುದು ತಮಟೆ, ಡೊಳ್ಳು ಬಾರಿಸುವವರಿಗೆ, ಡಿಜೆ ನಡೆಸುವ ಹುಡುಗರಿಗೆ, ಆ ಟ್ರ್ಯಾಕ್ಟರ್ ಓಡಿಸುವವರಿಗೆ. ನಮಗೆ ವರ್ಷಕ್ಕೊಂದು ಸಂಜೆ, ಅವರಿಗೆ ಹಬ್ಬದ ದಿನಗಳಲ್ಲಿ ದಿನವೂ ಅದೇ ಸದ್ದು. ಮಂಡಳಿಯವರು ಹಾರ, ಪಟಾಕಿ ತರುವಾಗ ಇವರಿಗೊಂದು ಪೊಟ್ಟಣ ಇಯರ್‌ಪ್ಲಗ್ ತಂದರೆ ಅದು ದೊಡ್ಡ ಉಪಕಾರ. ಹಸುಗೂಸುಗಳನ್ನಂತೂ ಎತ್ತಿಕೊಂಡು ಡಿಜೆ ಮುಂದೆ ನಿಲ್ಲಬೇಡಿ, ದಯವಿಟ್ಟು.

ಕೆಲವರು ರಾತ್ರಿ ಬಂದು ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ಹಾನಿ ಆಗಿರುವುದು ಕಿವಿಯ ತಮಟೆ ಅನ್ನುವ ತೆಳು ಪರದೆಯ ಆಚೆ, ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಪಟಾಕಿ ಸದ್ದಿಗೆ ಪರದೆ ಹರಿದಿದ್ದರಂತೂ ಎಣ್ಣೆಯಿಂದ ಸೋಂಕು ತಗುಲಬಹುದು. ಕಿವಿಗೆ ಬೇಕಿರುವುದು ವಿಶ್ರಾಂತಿ. ಎರಡು ದಿನ ಇಯರ್‌ಫೋನ್ ಮುಟ್ಟಬೇಡಿ. ಆಮೇಲೂ ಬಸ್ಸಿನ ಗದ್ದಲ ಮೀರಿಸಲು ವಾಲ್ಯೂಮ್ ಏರಿಸುವ ಅಭ್ಯಾಸ ಬಿಡಿ. ವಯಸ್ಕರಿಗೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ವರೆಗೆ ಮಾತ್ರ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಎರಡು ದಿನ ಕಳೆದರೂ ಗುಂಯ್ ನಿಲ್ಲದಿದ್ದರೆ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಆದರೆ ಇದ್ದಕ್ಕಿದ್ದಂತೆ ಒಂದು ಕಿವಿ ಪೂರ್ತಿ ಕೇಳದಂತಾದರೆ, ಕಿವಿಯಿಂದ ರಕ್ತ ಬಂದರೆ, ತಲೆ ಸುತ್ತಿದರೆ ಕಾಯಬೇಡಿ. ಇದ್ದಕ್ಕಿದ್ದಂತೆ ಹೋದ ಶ್ರವಣಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಅಂಥ ಸಂದರ್ಭದಲ್ಲಿ ಅವತ್ತೇ ಆಸ್ಪತ್ರೆಗೆ ಹೋಗಿ.