ಗುರುವಾರಕ್ಕೆ ಯಾವ ರಹಸ್ಯ? ಹಳೆಯ ಜಪಸರದ ಪುಸ್ತಕ ಹೀಗೆ ಓದಬೇಕು

ಅಜ್ಜಿಯ ಕಾಲದ ಪ್ರಾರ್ಥನಾ ಪುಸ್ತಕ ಉಳಿಸಿಕೊಂಡಿರುವ ದಾವಣಗೆರೆ, ಹರಿಹರದ ಕಥೋಲಿಕ ಮನೆಗಳಲ್ಲಿ ಗುರುವಾರ ಸಂಜೆ ಜಪಸರಕ್ಕೆ, ಅಂದರೆ ಮಣಿ ಎಣಿಸುತ್ತ ಮರಿಯ ಮಾತೆಗೆ ಹೇಳುವ ಪ್ರಾರ್ಥನೆಗೆ, ಕೂತರೆ ತಕರಾರು ಏಳುವುದುಂಟು. ಹತ್ತು ಮಣಿಗೊಂದರಂತೆ ಯೇಸು, ಮರಿಯರ ಬದುಕಿನ ಘಟನೆಗಳನ್ನು ಧ್ಯಾನಿಸುತ್ತಾರೆ; ಅವೇ ‘ರಹಸ್ಯಗಳು’. ಪುಸ್ತಕ ‘ಸಂತೋಷದ ರಹಸ್ಯ’ ಎನ್ನುತ್ತದೆ, ಮೊಮ್ಮಗಳ ಮೊಬೈಲು ‘ಬೆಳಕಿನ ರಹಸ್ಯ’ ಎನ್ನುತ್ತದೆ. ಎರಡೂ ಸರಿಯೇ. 2002ರ ಅಕ್ಟೋಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಯೇಸುವಿನ ಸ್ನಾನದೀಕ್ಷೆಯಿಂದ ಕಡೆಯ ಭೋಜನದವರೆಗಿನ ಐದು ಘಟನೆಗಳನ್ನು ಬೆಳಕಿನ ರಹಸ್ಯಗಳೆಂದು ಸೇರಿಸಿ ಗುರುವಾರಕ್ಕೆ ಇಟ್ಟರು. ಸಂತೋಷದ ರಹಸ್ಯಗಳು ಸೋಮವಾರ, ಶನಿವಾರಕ್ಕೆ ಸರಿದವು. 15 ಇದ್ದ ರಹಸ್ಯಗಳು 20 ಆದವು. ಅದು ಸಲಹೆಯಷ್ಟೇ, ಕಟ್ಟಳೆಯಲ್ಲ. ಮನೆಮಂದಿಯೆಲ್ಲ ಒಂದೇ ಕ್ರಮ ಹಿಡಿದರೆ ಸಾಕು.

ಆ 15ಕ್ಕೂ ಒಂದು ಲೆಕ್ಕವಿತ್ತು. ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಅಕ್ಷರ ಬಾರದವರು ಅದರ ಬದಲಿಗೆ 150 ಸಲ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ, ದಾರಕ್ಕೆ ಪೋಣಿಸಿದ ಮಣಿಗಳಲ್ಲಿ ಎಣಿಸುತ್ತಿದ್ದರು. ಬರಬರುತ್ತ ಆ ಜಾಗಕ್ಕೆ ಮರಿಯ ಮಾತೆಗೆ ಹೇಳುವ ‘ನಮೋ ಮರಿಯ’ ಬಂತು; ಹತ್ತಕ್ಕೊಂದು ರಹಸ್ಯದಂತೆ 150ಕ್ಕೆ 15. ಮೊದಲು ಅದೂ ಅರ್ಧ ಪ್ರಾರ್ಥನೆಯೇ: ಲೂಕನ ಶುಭಸಂದೇಶದ 1ನೇ ಅಧ್ಯಾಯದಲ್ಲಿ ದೇವದೂತನೂ ಎಲಿಜಬೇತಳೂ ಆಡಿದ ಮಾತು ಮಾತ್ರ. ‘ಸಂತ ಮರಿಯ’ ಎಂದು ಶುರುವಾಗುವ ಉತ್ತರಾರ್ಧ ಈಗಿನ ರೂಪಕ್ಕೆ ನಿಂತದ್ದು 1568ರಲ್ಲಿ, ಪೋಪ್ ಐದನೇ ಪಿಯುಸರು ಹೊರತಂದ ನಿತ್ಯಪ್ರಾರ್ಥನೆಯ ಗ್ರಂಥದಲ್ಲಿ.

ಹಳೆಯ ಪುಸ್ತಕದಲ್ಲಿ ಜರಡಿ ಹಿಡಿಯಬೇಕಾದದ್ದೂ ಇದೆ. ‘300 ದಿನಗಳ ದಂಡವಿಮೋಚನೆ’ (ಕ್ಷಮಿಸಿದ ಪಾಪಕ್ಕೂ ಉಳಿಯುವ ಶಿಕ್ಷೆಯ ಮಾಫಿ) ಎಂಬಂಥ ಸಾಲುಗಳು ಈಗ ಊರ್ಜಿತವಲ್ಲ. ದಿನಗಳ ಆ ಲೆಕ್ಕವನ್ನು 1967ರಲ್ಲಿ ಪೋಪ್ ಆರನೇ ಪೌಲರು ಕೈಬಿಟ್ಟರು. ಸತ್ತ ಮೇಲೆ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳದಲ್ಲಿ 300 ದಿನ ಕಡಿಮೆಯಾಗುತ್ತದೆ ಎಂದು ಅದರ ಅರ್ಥ ಯಾವತ್ತೂ ಇರಲಿಲ್ಲ. ಆದಿಸಭೆಯಲ್ಲಿ ಅಷ್ಟು ದಿನ ಮಾಡುತ್ತಿದ್ದ ಪ್ರಾಯಶ್ಚಿತ್ತಕ್ಕೆ ಸಮ ಎಂದಷ್ಟೇ. ಇನ್ನು ದೋಮಿನಿಕನ್ ಸಭೆಯ ಸ್ಥಾಪಕ ಸಂತ ದೋಮಿನಿಕರಿಗೆ ಮರಿಯ ಮಾತೆಯೇ ಜಪಸರ ಕೊಟ್ಟರೆಂಬ ಕಥೆ ಹಬ್ಬಿದ್ದು ಅವರು ತೀರಿಕೊಂಡು ಎರಡು ಶತಮಾನ ಕಳೆದ ಮೇಲೆ, ಅದೇ ಸಭೆಯ ಗುರು ಅಲನ್ ದ ಲಾ ರೋಷ್ ಅವರ ಬರಹಗಳಿಂದ. ಭಕ್ತಿಗೆ ಇರಲಿ, ಚರಿತ್ರೆ ಎಂದು ಮಕ್ಕಳಿಗೆ ಹೇಳಿಕೊಡುವುದು ಬೇಡ.

ಉಳಿಸಿಕೊಳ್ಳಲೇಬೇಕಾದದ್ದು ಬೇರೆ ಇದೆ: ನಿಧಾನವಾಗಿ ಹೇಳುವ ರೂಢಿ. ಮಾಮೂಲಿ ಸರದಲ್ಲಿ 59 ಮಣಿ, ಅದರಲ್ಲಿ 53 ‘ನಮೋ ಮರಿಯ’ಕ್ಕೆ. ಐದು ದಶಕ (ಹತ್ತು ಮಣಿಗಳ ಐದು ಸುತ್ತು) ಮುಗಿಸಲು ಸುಮಾರು 20 ನಿಮಿಷ ಬೇಕು. ಹತ್ತೇ ನಿಮಿಷಕ್ಕೆ ಮುಗಿಯಿತೆಂದರೆ, ಪೂರ್ವಾರ್ಧ ಹೇಳುವವರ ಕೊನೆಯ ಮಾತು ‘ಧನ್ಯರು’ ಮುಗಿಯುವ ಮೊದಲೇ ಉಳಿದವರು ‘ಸಂತ ಮರಿಯ’ ಎಂದು ಮೇಲೆ ಬಿದ್ದಿದ್ದಾರೆ ಎಂದೇ ಲೆಕ್ಕ. 1716ರಲ್ಲಿ ತೀರಿಕೊಂಡ ಫ್ರೆಂಚ್ ಗುರು ಸಂತ ಲೂಯಿ ಮೋಂಫೋರ್ ಇದಕ್ಕೇ ನಡುನಡುವೆ ನಿಂತು ಉಸಿರೆಳೆದು ಹೇಳಿ ಎಂದರು. ಇನ್ನೊಂದು ಉಪಾಯ ಅವರಿಗಿಂತಲೂ ಹಳೆಯದು. 15ನೇ ಶತಮಾನದ ಸನ್ಯಾಸಿ, ಪ್ರಷ್ಯದ ದೋಮಿನಿಕ್, ಪ್ರತಿ ‘ನಮೋ ಮರಿಯ’ದಲ್ಲಿ ಯೇಸುವಿನ ಹೆಸರಿಗೆ ಅವರ ಬದುಕಿನ ಒಂದು ಘಟನೆಯ ತುಣುಕು ಸೇರಿಸಿದ್ದರು. ರಹಸ್ಯಗಳ ಧ್ಯಾನ ಬೆಳೆದು ಬಂದ ದಾರಿಗಳಲ್ಲಿ ಇದೂ ಒಂದು.

ಲತೀನಿನಲ್ಲಿ ಪೂರ್ವಾರ್ಧ ‘ಯೇಸು’ ಎಂಬಲ್ಲಿಗೇ ಮುಗಿಯುವುದರಿಂದ ತುಣುಕು ಹೆಸರಿನ ಹಿಂದೆ ಬಾಲದಂತೆ ಕೂರುತ್ತದೆ. ಕನ್ನಡದಲ್ಲಿ ‘ಯೇಸುವೂ ಧನ್ಯರು’ ಎಂದು ವಾಕ್ಯ ಮುಂದುವರಿಯುತ್ತದೆ, ಅಲ್ಲಿ ತುರುಕಿದರೆ ಎಡವುತ್ತದೆ. ಹಾಗಾಗಿ ಹೆಸರಿಗೆ ಮುಂಚೆಯೇ ಇಡಬೇಕು: ಮಂಗಳವಾರದ ದುಃಖದ ರಹಸ್ಯಕ್ಕೆ ‘ಉದರದ ಫಲವಾದ, ಶಿಲುಬೆ ಹೊತ್ತ ಯೇಸುವೂ ಧನ್ಯರು’. ಎರಡು ಪದ ಸಾಕು; ನಾಲ್ಕಾದರೆ ಉತ್ತರ ಹೇಳುವವರು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತಡವರಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಅಂಗಳದಲ್ಲಿ ಸೇರುವಷ್ಟು ಜನರ ನಡುವೆ ಇದು ಆಗದ ಕೆಲಸ. ನಾಲ್ಕೈದು ಜನರ ಮನೆಯ ಜಪಕ್ಕೆ ಹೇಳಿ ಮಾಡಿಸಿದ್ದು.