‘ಗೆಲ್ಲೋರಿಗೆ ಹಾಕಿ, ವೋಟು ವೇಸ್ಟ್ ಮಾಡ್ಬೇಡಿ’: ಈ ಮಾತಿನ ಹಿಂದಿನ ಕಥೆ

2008ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 35ರಷ್ಟು ಮತ ಬಂತು. ಸೀಟು 80. ಐದು ವರ್ಷ ಬಿಟ್ಟು 2013ರಲ್ಲಿ ಆ ಪಕ್ಷದ ಮತ ಎರಡು ಪರ್ಸೆಂಟ್ ಕೂಡ ಏರಲಿಲ್ಲ. ಸೀಟು ಮಾತ್ರ 122ಕ್ಕೆ ಜಿಗಿಯಿತು, ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು.

ಆ ಮಧ್ಯೆ ಒಡೆದದ್ದು ಬಿಜೆಪಿ. ಯಡಿಯೂರಪ್ಪ ಹೊರಬಂದು ಕರ್ನಾಟಕ ಜನತಾ ಪಕ್ಷದಿಂದ (ಕೆಜೆಪಿ) ಸ್ಪರ್ಧಿಸಿದರು, ಶ್ರೀರಾಮುಲು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದರು. ಕೆಜೆಪಿಗೆ ಶೇ 10ರ ಹತ್ತಿರ ಮತ ಬಿತ್ತು, ಗೆದ್ದದ್ದು ಬರೀ 6 ಕಡೆ. ಬಿಜೆಪಿ 110ರಿಂದ 40ಕ್ಕೆ ಇಳಿಯಿತು. ಕೆಜೆಪಿಗೆ ವೋಟು ಹಾಕಿದ ಲಕ್ಷಾಂತರ ಜನರ ಪಾಲಿಗೆ ಸಿಕ್ಕಿದ್ದು ಆ ಆರು ಶಾಸಕರು. ಇದನ್ನು ನೋಡಿದವರಿಗೆ ಮುಂದಿನ ಸಲ ‘ವೋಟು ಒಡೆಯುತ್ತೆ’ ಅನ್ನೋ ಭಯ ಹುಟ್ಟೋದು ಸಹಜ ಅಲ್ವಾ?

ಈ ಭಯದ ಬೇರು ನಾವು ವೋಟು ಎಣಿಸುವ ರೀತಿಯಲ್ಲೇ ಇದೆ. ಒಂದು ಕ್ಷೇತ್ರ, ಒಂದು ಸೀಟು. ಅರ್ಧಕ್ಕಿಂತ ಹೆಚ್ಚು ಮತ ಬೇಕಾಗಿಲ್ಲ, ಉಳಿದವರಿಗಿಂತ ಒಂದು ವೋಟು ಜಾಸ್ತಿ ಬಂದರೆ ಸಾಕು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಅಕ್ಷರಶಃ ಹಾಗೇ ಆಯಿತು. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಈ ಪದ್ಧತಿ ಬ್ರಿಟನ್ನಿನಿಂದ ಬಂದದ್ದು. ಹಾಗಂತ ನಮ್ಮ ಹಿರಿಯರು ಅದನ್ನು ಯೋಚಿಸದೆ ಸುಮ್ನೆ ಒಪ್ಪಿಕೊಂಡಿರಲಿಲ್ಲ. ಸಂವಿಧಾನ ಸಭೆಯಲ್ಲಿ 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಒಂದು ತಿದ್ದುಪಡಿ ತಂದರು. ಪಕ್ಷಗಳಿಗೆ ಬಂದ ಮತಕ್ಕೆ ತಕ್ಕ ಹಾಗೆ ಸೀಟು ಸಿಗುವ ಪದ್ಧತಿ ಬೇಕು ಅನ್ನೋದು ಅವರ ವಾದ. ಅಂಬೇಡ್ಕರ್ ಒಪ್ಪಲಿಲ್ಲ. ಅಂಥ ಪದ್ಧತಿಗೆ ಓದು ಬರಹ ಬಲ್ಲ ಮತದಾರರು ದೊಡ್ಡ ಸಂಖ್ಯೆಯಲ್ಲಿ ಬೇಕು, ಅದರಿಂದ ಸದನ ಚೂರುಚೂರಾಗಿ ಸರ್ಕಾರ ನಿಲ್ಲುವುದಿಲ್ಲ ಎಂದರು. ಆಗ ದೇಶದಲ್ಲಿ ಅಕ್ಷರ ಬಲ್ಲವರು ಐವರಲ್ಲಿ ಒಬ್ಬರೂ ಇರಲಿಲ್ಲ. ಆ ಕಾಲಕ್ಕೆ ಅದು ತೂಕದ ಮಾತು.

ಆದರೆ ಅಂದು ಬಿಟ್ಟುಕೊಟ್ಟದ್ದರ ಲೆಕ್ಕ ಕರ್ನಾಟಕದಲ್ಲಿ ಮತ್ತೆ ಮತ್ತೆ ಕಾಣುತ್ತದೆ. 2004, 2008, 2018, ಈ ಮೂರೂ ಚುನಾವಣೆಗಳಲ್ಲಿ ರಾಜ್ಯದಲ್ಲಿ ಅತಿ ಹೆಚ್ಚು ಮತ ಪಡೆದದ್ದು ಕಾಂಗ್ರೆಸ್, ಅತಿ ಹೆಚ್ಚು ಸೀಟು ಗೆದ್ದದ್ದು ಬಿಜೆಪಿ. 2018ರಲ್ಲಿ ಶೇ 38ಕ್ಕೆ 80 ಸೀಟು, ಶೇ 36ಕ್ಕೆ 104. ಕಾಂಗ್ರೆಸ್‌ನ ಮತ ರಾಜ್ಯದ ಉದ್ದಗಲಕ್ಕೂ ಹರಡಿಕೊಂಡಿದ್ದರೆ ಬಿಜೆಪಿಯದು ಕೆಲವು ಭಾಗಗಳಲ್ಲಿ ಒತ್ತೊತ್ತಾಗಿ ಬೀಳುತ್ತಿತ್ತು. ಇದರಲ್ಲಿ ಯಾರ ಮೋಸವೂ ಇಲ್ಲ, ನಿಯಮವೇ ಹಾಗಿದೆ.

ಈ ನಿಯಮ ಪಕ್ಷಗಳ ನಡವಳಿಕೆಯನ್ನೂ ರೂಪಿಸಿದೆ. ಮೂರು ಜನ ಗಟ್ಟಿ ಅಭ್ಯರ್ಥಿಗಳಿರುವ ಕಡೆ ಮೂರನೇ ಒಂದರಷ್ಟು ಮತವೇ ಗೆಲ್ಲಿಸಬಹುದು. ಹಾಗಾಗಿ ಎಲ್ಲರನ್ನೂ ಒಲಿಸಿಕೊಳ್ಳಬೇಕಿಲ್ಲ, ಎರಡು ದೊಡ್ಡ ಸಮುದಾಯ ಜೊತೆಗಿದ್ದರೆ ಸಾಕು. ಟಿಕೆಟ್ ಹಂಚುವಾಗ ಜಾತಿ ಲೆಕ್ಕ ಮೊದಲು ಮೇಜಿಗೆ ಬರೋದು ಇದಕ್ಕೇ. ಎದುರಾಳಿಯ ವೋಟು ಒಡೆಯೋಕೆ ಅಭ್ಯರ್ಥಿ ನಿಲ್ಲಿಸೋದೂ ಇದಕ್ಕೇ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅವರ ಜೊತೆ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೋ ಇತ್ತು, ‘ಕಹಳೆ ಊದುವ ರೈತ’ನ ಚಿಹ್ನೆಯನ್ನು ಪ್ರಚಾರದಲ್ಲಿ ಊರೂರಿಗೆ ಮುಟ್ಟಿಸಿದ್ದರು. ಜನ ಗೊಂದಲ ಮಾಡಿಕೊಳ್ಳಲಿಲ್ಲ, ಅವರು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಆ ಸಲ ಕಾಂಗ್ರೆಸ್ ಮತ್ತು ಜೆಡಿಎಸ್ ಒಟ್ಟಾಗಿ ಹೋಗಿದ್ದವು. ಕಾಗದದ ಮೇಲೆ ಎರಡರ ಮತ ಕೂಡಿಸಿದರೆ ಸೋಲುವ ಮಾತೇ ಇರಲಿಲ್ಲ. ಬಂದದ್ದು ತಲಾ ಒಂದು ಸೀಟು, ಬಿಜೆಪಿಗೆ 25. ಹಳೇ ಮೈಸೂರಿನ ಹಳ್ಳಿಗಳಲ್ಲಿ ದಶಕಗಳಿಂದ ಎದುರುಬದುರು ನಿಂತ ಕಾರ್ಯಕರ್ತರು, ನಾಯಕರು ಕೈ ಹಿಡಿದ ಕೂಡಲೇ ಒಂದಾಗಿಬಿಡಲಿಲ್ಲ.

ನಮ್ಮ ಮತದಾರರಿಗೆ ಚುನಾವಣೆ ನೋಡಿ ವೋಟು ಹಾಕುವ ಜಾಣ್ಮೆ ಹಿಂದಿನಿಂದಲೂ ಇದೆ. ಇಂದಿರಾ ಗಾಂಧಿ ಹತ್ಯೆಯ ನಂತರ, 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ ಕಾಂಗ್ರೆಸ್‌ಗೆ 28ರಲ್ಲಿ 24 ಸೀಟು ಕೊಟ್ಟಿತು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಆ ಸೋಲಿನ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸದಾಗಿ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ, ಮೂರೇ ತಿಂಗಳಲ್ಲಿ, ಅದೇ ಜನ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಬೇರೆ ಬೇರೆ ಯೋಚಿಸಿದರು. ಇಂಥ ಜನರಿಗೆ ಇನ್ನೂ ಸ್ವಲ್ಪ ಹೆಚ್ಚಿನ ಆಯ್ಕೆ ಕೊಡೋಕೆ ಯಾಕೆ ಹಿಂಜರಿಕೆ?

ಆ ಆಯ್ಕೆ ನಮ್ಮಲ್ಲೇ ಇದೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ಮತಯಂತ್ರ ಇರೋದಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಇಷ್ಟವಾದವರ ಮುಂದೆ 1, ಅವರಾಗದಿದ್ದರೆ ಇವರಿರಲಿ ಅನ್ನುವವರ ಮುಂದೆ 2, ಆಮೇಲೆ 3 ಅಂತ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯದ ಮತ ಬರದಿದ್ದರೆ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ ಎರಡನೆಯ ಆಯ್ಕೆ ಯಾರು ಅಂತ ನೋಡಿ ಅವರಿಗೆ ಸೇರಿಸುತ್ತಾರೆ. ಇಲ್ಲಿ ಸಣ್ಣ ಅಭ್ಯರ್ಥಿಗೆ 1 ಕೊಟ್ಟರೂ ವೋಟು ಅಲ್ಲಿಗೇ ಮುಗಿಯೋದಿಲ್ಲ. ಅದೇ ಶಿಕ್ಷಕಿ ವಿಧಾನಸಭೆಗೆ ವೋಟು ಹಾಕುವಾಗ ಒಂದೇ ಬಟನ್. ಮನಸ್ಸಿಗೆ ಬಂದವರೋ, ಗೆಲ್ಲುವವರೋ ಅಂತ ಅಲ್ಲೇ ತೀರ್ಮಾನಿಸಬೇಕು.

ಬದಲಾವಣೆಯ ಮಾತು ಆಗಿಲ್ಲ ಅಂತಲ್ಲ. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ, ಈಗಿನ ಸೀಟುಗಳ ಜೊತೆಗೆ ಇನ್ನಷ್ಟು ಸೀಟು ಸೇರಿಸಿ ಅವನ್ನು ಪಕ್ಷಗಳ ಮತಕ್ಕೆ ತಕ್ಕಂತೆ ಹಂಚಬಹುದು ಎಂದಿತ್ತು. ಅದು ಜಾರಿಗೆ ಬರಲಿಲ್ಲ. ಲೋಕಸಭೆ, ವಿಧಾನಸಭೆಯ ನಿಯಮ ಬದಲಿಸಲು ಸಂಸತ್ತೇ ಮನಸ್ಸು ಮಾಡಬೇಕು. ಆದರೆ ನಗರಸಭೆ, ಪಾಲಿಕೆ ಚುನಾವಣೆಗಳ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕೇ ಇದೆ. 1, 2, 3 ಬರೆಯುವ ಪದ್ಧತಿಯನ್ನು ಮೊದಲು ಅಲ್ಲಿ ತರಬೇಕು. ಎಣಿಕೆ ತಡವಾದೀತು, ಸಿಬ್ಬಂದಿಗೆ ತರಬೇತಿ ಬೇಕಾದೀತು. ಪರಿಷತ್ ಚುನಾವಣೆ ನಡೆಸಿ ರೂಢಿಯಿರುವ ಅಧಿಕಾರಿಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ.